ಮ್ಯಾಗ್ನೆಟ್ಟಿಗೆ ಪುಲ್ಲರ್, ಕೈಗೆ ತಾಳ್ಮೆ

ಹಳೆಯ ಆರ್‌ಎಕ್ಸ್ 100 ಇಟ್ಟುಕೊಂಡವರಿಗೆ ಇವತ್ತಲ್ಲ ನಾಳೆ ಎಂಜಿನ್ನಿನ ಎಡಗಡೆ ಕವರ್ ಬಿಚ್ಚುವ ಪ್ರಸಂಗ ಬಂದೇ ಬರುತ್ತದೆ. ಪಾಯಿಂಟ್ ಸವೆದಿರುತ್ತದೆ, ಕಾಯಿಲ್ ಸುಟ್ಟಿರುತ್ತದೆ, ಇಲ್ಲವೇ ಆಯಿಲ್ ಸೀಲ್ ಗಾಳಿ ಎಳೆಯತೊಡಗಿ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಇಳಿಯದೆ ಕೂಗುತ್ತಿರುತ್ತದೆ. ಇವೆಲ್ಲ ಇರುವುದು ಫ್ಲೈವೀಲಿನ, ಅಂದರೆ ಗ್ಯಾರೇಜಿನವರು ಹೇಳುವ ಮ್ಯಾಗ್ನೆಟ್ಟಿನ ಹಿಂದೆ. 1985ರಲ್ಲಿ ಬಂದ ಈ ಗಾಡಿಯ ತಯಾರಿಕೆ 1996ಕ್ಕೇ ನಿಂತಿತು. ಅಷ್ಟು ಕಾಲ ಕೂತ ಮ್ಯಾಗ್ನೆಟ್, ನಟ್ ಬಿಚ್ಚಿದ ಮಾತ್ರಕ್ಕೆ ಕಳಚಿ ಬರುವುದಿಲ್ಲ.

ಕಾರಣ ಟೇಪರ್. ಕ್ರ್ಯಾಂಕಿನ ತುದಿ ಓರೆಯಾಗಿ ಸಣ್ಣಗಾಗುತ್ತದೆ. ಮ್ಯಾಗ್ನೆಟ್ಟಿನ ತೂತಿಗೂ ಅದೇ ಓರೆ. ಒಂದರೊಳಗೊಂದು ಬಿಗಿದ ಸ್ಟೀಲ್ ಲೋಟಗಳಂತೆ ಎರಡೂ ಕಚ್ಚಿಕೊಳ್ಳುತ್ತವೆ. ಮ್ಯಾಗ್ನೆಟ್ಟನ್ನು ತಿರುಗಿಸುವುದು ಈ ಕಚ್ಚೇ ಹೊರತು ನಡುವಿನ ಪುಟ್ಟ ಅರ್ಧಚಂದ್ರ ಕೀ ಅಲ್ಲ. ಕೀ ಇರುವುದು ಮ್ಯಾಗ್ನೆಟ್ ಎಲ್ಲಿ ಕೂರಬೇಕೆಂದು ತೋರಿಸಲು, ಆ ಮೂಲಕ ಕಿಡಿಯ ಸಮಯ ತಪ್ಪದಂತೆ ನೋಡಿಕೊಳ್ಳಲು. ಹಳೆಯ ಎಂಜಿನ್ನಿನಲ್ಲಿ ಈ ಕಚ್ಚಿಗೆ ತುಕ್ಕೂ ಸೇರಿರುತ್ತದೆ.

ಇಲ್ಲಿ ಸುತ್ತಿಗೆ ಎತ್ತಿದರೆ ಕೆಲಸ ಕೆಟ್ಟಿತು. ಈ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ತಟ್ಟೆಗಳನ್ನು ಒಂದು ಪಿನ್ನಿಗೆ ಪ್ರೆಸ್ ಮಾಡಿ ಕೂರಿಸಿದ್ದು. ತುದಿಗೆ ಬಲವಾಗಿ ಹೊಡೆದರೆ ಥ್ರೆಡ್ ಚಪ್ಪಟೆಯಾಗುತ್ತದೆ, ಬೇರಿಂಗಿಗೆ ಪೆಟ್ಟಾಗುತ್ತದೆ, ತಟ್ಟೆಗಳ ನೇರವೂ ತಪ್ಪಬಹುದು. ಹಿಂದಿನಿಂದ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಕಾಯಿಲ್ಲೋ ಕೇಸಿಂಗೋ ಒಡೆಯುತ್ತದೆ. ಅಂಚು ಹಿಡಿದೆಳೆಯುವ ಮೂರು ಕಾಲಿನ ಪುಲ್ಲರ್ ರಿವೆಟ್ಟುಗಳನ್ನು ಸಡಿಲಿಸುತ್ತದೆ. ಬೆಂಕಿ ಹಿಡಿದರೆ ಅಯಸ್ಕಾಂತದ ಶಕ್ತಿ ಕುಂದುತ್ತದೆ, ಹಿಂದಿನ ಸೀಲ್ ಸುಡುತ್ತದೆ.

ಸರಿಯಾದ ದಾರಿ ಒಂದೇ: ಆ ಗಾಡಿಗೆಂದೇ ಮಾಡಿದ ಪುಲ್ಲರ್. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಪೇಟೆಯಲ್ಲಿ ವಿಚಾರಿಸಿದರೆ ಸಿಗುತ್ತದೆ. ಮೊದಲು ಮ್ಯಾಗ್ನೆಟ್ಟಿನ ನಡುವಿನ ಥ್ರೆಡ್ಡನ್ನು ಸೀಮೆಎಣ್ಣೆ, ತಂತಿ ಬ್ರಷ್ ಹಾಕಿ ಉಜ್ಜಿ. ಪುಲ್ಲರನ್ನು ಬೆರಳಲ್ಲೇ ಕೊನೆಯವರೆಗೆ ತಿರುಗಿಸಿ ಕೂರಿಸಿ. ಕೆಲವು ಎಂಜಿನ್ನುಗಳಲ್ಲಿ ಈ ಥ್ರೆಡ್ ಎಡಸುತ್ತು, ಮೊದಲೇ ನೋಡಿಕೊಳ್ಳಿ. ಎರಡೇ ಸುತ್ತು ಹಿಡಿದ ಪುಲ್ಲರ್ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ, ಆಮೇಲೆ ಹಿಡಿಯಲು ಜಾಗವೇ ಉಳಿಯುವುದಿಲ್ಲ. ಟೇಪರಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಇರಲಿ.

ಮರುದಿನ ಮ್ಯಾಗ್ನೆಟ್ಟನ್ನು ಪಟ್ಟಿ ಸ್ಪ್ಯಾನರಿನಲ್ಲಿ ಹಿಡಿದು ಪುಲ್ಲರಿನ ನಡುವಿನ ಬೋಲ್ಟ್ ಬಿಗಿಮಾಡಿ. ಚೆನ್ನಾಗಿ ಬಿಗಿಯಾದ ಮೇಲೆ ಅದರ ತಲೆಗೆ ನೇರವಾಗಿ, ಹಗುರವಾಗಿ ಒಂದು ತಟ್ಟು. ಬರಲಿಲ್ಲವೋ, ತುಸು ಬಿಗಿಮಾಡಿ ಕಾಯಿರಿ. ಬಿಗಿತ ಹಾಗೇ ಇದ್ದರೆ ಟೇಪರ್ ತಾನಾಗಿ ಸೋಲುತ್ತದೆ. 'ಟಕ್' ಎಂಬ ಸದ್ದಿನೊಡನೆ ಮ್ಯಾಗ್ನೆಟ್ ಕೈಗೆ ಬರುತ್ತದೆ; ಆ ಸದ್ದು ಕೇಳುವ ಸುಖ ಮೆಕ್ಯಾನಿಕ್ಕುಗಳಿಗೆಲ್ಲ ಗೊತ್ತು.

ಕೂರಿಸುವಾಗಲೂ ಅಷ್ಟೇ ಗಮನ ಬೇಕು. ಟೇಪರಿನ ಎರಡೂ ಮೈ ಪೆಟ್ರೋಲಿನಲ್ಲಿ ಒರೆಸಿ ಒಣಗಿಸಿ. ಮುಂದಿನ ಸಲ ಸುಲಭವಾಗಲೆಂದು ಗ್ರೀಸ್ ಹಚ್ಚಬೇಡಿ, ಕಚ್ಚು ಸಡಿಲಾಗುತ್ತದೆ. ಕೀ ಕಿಂಚಿತ್ತು ಬಾಗಿದ್ದರೂ ಹೊಸದು ಹಾಕಿ. ಅಯಸ್ಕಾಂತಕ್ಕೆ ಅಂಟಿದ ವಾಷರು, ಲೋಹದ ಚೂರುಗಳನ್ನು ಬೆರಳಾಡಿಸಿ ತೆಗೆಯಿರಿ.

ಪುಲ್ಲರಿನ ಬೆಲೆ ಕ್ರ್ಯಾಂಕ್ ರಿಪೇರಿಯ ಮುಂದೆ ಏನೇನೂ ಅಲ್ಲ. ಅದಿಲ್ಲದೆ ಮ್ಯಾಗ್ನೆಟ್ಟಿಗೆ ಕೈಹಾಕುವ ಗ್ಯಾರೇಜಿಗೆ ನಿಮ್ಮ ಗಾಡಿ ಬಿಡಬೇಡಿ.