ಬೀಡಿ ಬಿಟ್ಟ ಬಾಯಿಗೆ ಅಡಿಕೆ ಹೋಳು

ಅಡಿಕೆ ಬೇಯಿಸುವ ಒಲೆಯ ಮುಂದೆ ಕೂತವನಿಗೆ ಬೆಂಕಿಪೊಟ್ಟಣ ಬೇಕಿಲ್ಲ. ಒಂದು ಕೊಳ್ಳಿ ಎಳೆದು ತುದಿಗೆ ಮುಖ ತಂದರೆ ಸಾಕು, ಬೀಡಿ ಹತ್ತಿಕೊಳ್ಳುತ್ತದೆ. ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಸೀಮೆಯಲ್ಲಿ ಕೊಯ್ಲು ಶುರುವಾಯಿತೆಂದರೆ ಇಂಥ ಒಲೆಗಳಿಗೆ ಹಗಲು ರಾತ್ರಿಯೆಂಬ ಭೇದವಿಲ್ಲ. ಹಗಲು ಇಳಿಸಿದ ಗೊನೆಯನ್ನು ಸುಲಿಯಬೇಕು, ಸುಲಿದದ್ದನ್ನು ಚೊಗರಿನ (ಅಡಿಕೆ ಬೇಯಿಸುವ ರಸದ) ಹಂಡೆಗೆ ಸುರಿಯಬೇಕು, ಬೆಂದದ್ದನ್ನು ಬಿಸಿಲಿಗೆ ಹರವಬೇಕು. ಒಂದು ಕಡೆ ತಡವಾದರೆ ಮುಂದಿನದೆಲ್ಲ ಕೆಡುತ್ತದೆ. ಬೀಡಿ ಬಿಟ್ಟು ನಾಲ್ಕು ದಿನವಾದವನಿಗೆ ನಿಜವಾದ ಪರೀಕ್ಷೆ ಈ ಒಲೆಯ ಮುಂದೆ, ರಾತ್ರಿ ಹನ್ನೊಂದರ ಹೊತ್ತಿಗೆ.

ಆ ಹೊತ್ತನ್ನು ದಾಟಿಸಲು ಎರಡು ಪದ್ಧತಿಗಳಿವೆ. ಒಂದು ಊರಿನದು, ಇನ್ನೊಂದು ಸರ್ಕಾರದ್ದು. ಎರಡನ್ನೂ ಒರೆಗೆ ಹಚ್ಚಿ ನೋಡಬೇಕಾಗಿದೆ.

ಊರಿನ ಪದ್ಧತಿ ಸರಳ: ಬಾಯಿಗೆ ಏನಾದರೂ ಕೊಡು. ಲವಂಗ, ಏಲಕ್ಕಿ, ಸೋಂಪು ಆದರೆ ತಕರಾರಿಲ್ಲ. ತುಟಿ, ನಾಲಿಗೆ, ಬೆರಳುಗಳಿಗೆ ವರ್ಷಗಳಿಂದ ಆದ ರೂಢಿಗೆ ಒಂದು ಕೆಲಸ ಸಿಕ್ಕಂತಾಗುತ್ತದೆ, ಅಷ್ಟರಮಟ್ಟಿಗೆ ಅದು ಒಳ್ಳೆಯ ಉಪಾಯವೇ. ಆದರೆ ಅಡಿಕೆ ನಾಡಿನಲ್ಲಿ ಕೈ ಮೊದಲು ಹೋಗುವುದು ಅಡಿಕೆಗೆ. ಒಂದು ಹೋಳು, ಅದರ ಜೊತೆಗೆ ಎಲೆ, ಎಲೆಗೆ ಸುಣ್ಣ, ಆಮೇಲೆ ಬೆರಳತುದಿಯಷ್ಟು ಹೊಗೆಸೊಪ್ಪು. ಇನ್ನು ಕೆಲವರು ಪಾನ್ ಮಸಾಲದ ಚೀಟಿ ಹರಿಯುತ್ತಾರೆ. 2013ರ ಮೇ ಕೊನೆಯಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿದ ಮೇಲೆ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಮಾರಾಟಕ್ಕೆ ಬಂತು. ಎರಡನ್ನೂ ಅಂಗೈಯಲ್ಲಿ ಬೆರೆಸುವ ಕೆಲಸ ಗಿರಾಕಿಯ ಪಾಲಿಗೆ ಬಂತು, ಅಷ್ಟೇ. ಹೀಗೆ ಮಾಡಿದವನು ಮನೆಯಲ್ಲಿ ‘ಬೀಡಿ ಬಿಟ್ಟೆ’ ಎಂದು ಹೇಳಿದರೆ ಅದು ಸುಳ್ಳಲ್ಲ. ನಿಕೋಟಿನ್ ಮಾತ್ರ ಹೊಗೆಯ ದಾರಿ ಬಿಟ್ಟು ಕೆನ್ನೆಯ ದಾರಿ ಹಿಡಿದಿರುತ್ತದೆ.

ರಾಜ್ಯದ ಲೆಕ್ಕವೂ ಇದನ್ನೇ ಹೇಳುತ್ತದೆ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8, ಹೊಗೆರಹಿತ ತಂಬಾಕು ಬಳಸುವವರು ಶೇ 16.3. ಹೆಚ್ಚುಕಡಿಮೆ ಎರಡರಷ್ಟು. ತಂಬಾಕು ಬೆರೆಸದ ಬರೀ ಅಡಿಕೆಯಾದರೆ ಸರಿಯೇ ಎಂದರೆ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ ಮೊದಲ ಗುಂಪಿನ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಬೆಳೆಗಾರರ ಸಂಘಗಳು ಇದನ್ನು ಒಪ್ಪುವುದಿಲ್ಲ, ರೋಗ ತರುವುದು ಬೆರೆಸಿದ ತಂಬಾಕು ಎಂಬುದು ಅವರ ವಾದ. ತೋಟವನ್ನೇ ನಂಬಿದ ಊರಿನಲ್ಲಿ ಈ ಜಗಳ ಬೇಗ ಮುಗಿಯುವಂಥದ್ದಲ್ಲ. ಆದರೆ ವರ್ಷಗಟ್ಟಲೆ ಅಗಿದು ಕೆನ್ನೆಯ ಒಳಪದರ ಗಡುಸಾಗಿ, ಬಾಯಿ ಎರಡು ಬೆರಳಗಲವೂ ತೆರೆಯದೆ ದಂತವೈದ್ಯರ ಮುಂದೆ ಕೂತವನಿಗೆ ಆ ವಾದದಿಂದ ಆಗುವ ಉಪಕಾರ ಏನೂ ಇಲ್ಲ. ಬೀಡಿಗೆ ಬದಲಿ ಎಂಬ ನೆಲೆಯಲ್ಲಿ ನೋಡಿದರೆ ಊರಿನ ಪದ್ಧತಿ ಸೋತಿದೆ.

ಈ ಸೋಲಿನ ಬೇರು ಒಂದು ನಂಬಿಕೆಯಲ್ಲಿದೆ: ಬೀಡಿ ಸೇದಿದರೆ ತಲೆಬಿಸಿ ಇಳಿಯುತ್ತದೆ. ತಲೆಬಿಸಿಯೇನೋ ನಿಜ. ತೋಟದ ಫಸಲನ್ನು ಖೇಣಿ (ಗುತ್ತಿಗೆ) ಹಿಡಿದವನಿಗೆ ದರದ ಚಿಂತೆ. ಚನ್ನಗಿರಿಯ ಅಡಿಕೆ ಮಾರಾಟದ ಸಹಕಾರ ಸಂಘ ತುಮ್ಕೋಸ್‌ನಲ್ಲಿ ರಾಶಿ ಅಡಿಕೆ ಕ್ವಿಂಟಲಿಗೆ ಎಷ್ಟಕ್ಕೆ ಹೋಯಿತು ಎಂಬುದರ ಮೇಲೆ ಅವನ ನಿದ್ದೆ ನಿಂತಿರುತ್ತದೆ. ತೋಟದವನಿಗೆ ನೀರಿನ ಚಿಂತೆ, ಕೊಳವೆಬಾವಿ ಬತ್ತಿ ಟ್ಯಾಂಕರ್ ನೀರು ಹೊಡೆಸಿದ ಬೇಸಿಗೆಗಳು ಈ ತಾಲ್ಲೂಕಿಗೆ ಹೊಸವಲ್ಲ. ಆದರೆ ಬೀಡಿ ಇಳಿಸುವುದು ಈ ತಲೆಬಿಸಿಯನ್ನಲ್ಲ. ಸೇದಿದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಆಗ ಸಿಡುಕು, ಚಡಪಡಿಕೆ, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು. ಮುಂದಿನ ಬೀಡಿ ಸಮಾಧಾನ ಮಾಡುವುದು ಹಿಂದಿನ ಬೀಡಿ ಎಬ್ಬಿಸಿದ ಈ ಸಿಡುಕನ್ನು. ಅಡಿಕೆ ದರ ಎಲ್ಲಿತ್ತೋ ಅಲ್ಲೇ ಇರುತ್ತದೆ.

2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆಯೊಂದು 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಸೇದುವುದನ್ನು ಮುಂದುವರಿಸಿದವರಿಗಿಂತ ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಕಡಿಮೆಯಾಗಿತ್ತು. ಬಿಟ್ಟ ಮೊದಲ ವಾರದಲ್ಲಿರುವವನು ಇದನ್ನು ನಂಬುವುದು ಕಷ್ಟ. ಕಾರಣ, ಹಂಬಲ ಅತಿ ಜೋರಾಗುವುದು ಮೊದಲ ಎರಡು ಮೂರು ದಿನಗಳಲ್ಲೇ. ಬಹುಪಾಲು ತಣ್ಣಗಾಗಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ.

ಇನ್ನು ಸರ್ಕಾರದ ಪದ್ಧತಿ. ತಂಬಾಕು ಬಿಡುವವರಿಗೆ ಫೋನಿನಲ್ಲಿ ನೆರವಾಗುವ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 2016ರಲ್ಲಿ ದೆಹಲಿಯಲ್ಲಿ ಶುರುವಾಯಿತು. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೂ ಬಂತು, ಕನ್ನಡದಲ್ಲಿ ಮಾತಾಡಲು ದಾರಿಯಾಯಿತು. ಸಲಹೆಗಾರರು ಬಿಡುವ ದಿನವನ್ನು ಗೊತ್ತುಮಾಡಿಸುತ್ತಾರೆ, ಆಮೇಲೆ ತಾವೇ ಕರೆ ಮಾಡಿ ವಿಚಾರಿಸುತ್ತಾರೆ. ಹಂಬಲ ಬಂದಾಗ ಮಾಡಬೇಕಾದ್ದನ್ನು ನಾಲ್ಕು ಮಾತಿನಲ್ಲಿ ಹೇಳಿಕೊಡುವುದು ವಾಡಿಕೆ: ಸ್ವಲ್ಪ ತಡೆ, ಉದ್ದಕ್ಕೆ ಉಸಿರೆಳೆ, ನೀರು ಕುಡಿ, ಬೇರೆ ಕೆಲಸಕ್ಕೆ ಕೈ ಹಾಕು. ಇದು ಪೊಳ್ಳು ಉಪದೇಶವಲ್ಲ. ಒಂದೊಂದು ಹಂಬಲದ ಅಲೆ ನಿಲ್ಲುವುದು ಕೆಲವೇ ನಿಮಿಷ, ಆ ನಿಮಿಷಗಳನ್ನು ಕಳೆದರೆ ಸಾಕು. ಹತ್ತು ನಿಮಿಷದ ಬಿರುಸು ನಡಿಗೆಯೂ ಹಂಬಲವನ್ನು ತಗ್ಗಿಸುತ್ತದೆ.

ನಿಕೋಟಿನ್ ಗಮ್ ಕೂಡ ಒಳ್ಳೆಯ ಸಾಧನ. 2 ಮಿಲಿಗ್ರಾಂನದು ವೈದ್ಯರ ಚೀಟಿಯಿಲ್ಲದೆಯೇ ಔಷಧ ಅಂಗಡಿಯಲ್ಲಿ ಸಿಗುತ್ತದೆ. ಯಾರ ಸಹಾಯವೂ ಇಲ್ಲದೆ ಬಿಡಲು ಹೊರಟ ನೂರು ಜನರಲ್ಲಿ ವರ್ಷದ ಹೊತ್ತಿಗೆ ಉಳಿಯುವವರು ಮೂವರಿಂದ ಐವರು. ಗಮ್‌ನಂಥ ಬದಲಿ ನಿಕೋಟಿನ್ ಈ ಸಾಧ್ಯತೆಯನ್ನು ಒಂದೂವರೆ ಪಟ್ಟು ಮಾಡುತ್ತದೆ. ಆದರೆ ಅದನ್ನು ಅಗಿದು ನುಂಗುವ ಮಿಠಾಯಿಯ ಹಾಗೆ ತಿಂದರೆ ಬಿಕ್ಕಳಿಕೆ, ಎದೆಯುರಿ ಬಂದು ‘ಇದು ನಮಗಾಗಲ್ಲ’ ಎಂದು ಎಸೆಯುವಂತಾಗುತ್ತದೆ. ನಿಧಾನವಾಗಿ ಅಗಿಯಬೇಕು, ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆಯ ಸಂದಿಗೆ ಸರಿಸಬೇಕು, ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಕೆನ್ನೆಯಲ್ಲಿ ಹೋಳಿಟ್ಟುಕೊಂಡೇ ವ್ಯಾಪಾರ ಮುಗಿಸುವ ಸೀಮೆಯ ಜನರಿಗೆ ಇದನ್ನು ಬೇರೆ ಕಲಿಸಬೇಕಿಲ್ಲ. ಚಹಾ, ಕಾಫಿ ಕುಡಿದ ಹದಿನೈದು ನಿಮಿಷ ಮಾತ್ರ ಗಮ್ ಬಾಯಿಗೆ ಹಾಕಬಾರದು, ಬಾಯಿಯ ಹುಳಿ ನಿಕೋಟಿನ್ ಹೀರಲು ಬಿಡುವುದಿಲ್ಲ.

ಚಹಾದ ಬಗ್ಗೆ ಇನ್ನೊಂದು ಮಾತು. ತಂಬಾಕಿನ ಹೊಗೆ ದೇಹದಲ್ಲಿ ಕೆಫೀನ್ ಕರಗುವ ವೇಗವನ್ನು ಹೆಚ್ಚಿಸುತ್ತದೆ. ಬೀಡಿ ನಿಂತ ಮೇಲೂ ಅಷ್ಟೇ ಲೋಟ ಕುಡಿದರೆ ಕೆಫೀನ್ ಮೊದಲಿಗಿಂತ ಹೆಚ್ಚು ಹೊತ್ತು ಒಳಗೆ ಉಳಿದು ಕೈ ನಡುಕ, ನಿದ್ದೆಗೇಡು ತರುತ್ತದೆ. ಅದನ್ನು ಬೀಡಿ ಬಿಟ್ಟದ್ದರ ಸಂಕಟವೆಂದೇ ಎಣಿಸಿ ಮತ್ತೆ ಸೇದುವವರಿದ್ದಾರೆ. ಲೋಟ ಅರ್ಧ ಮಾಡಿದರೆ ತೀರುವ ತೊಂದರೆ ಇದು.

ಹೀಗೆ ವಿದ್ಯೆಯ ಮಟ್ಟಿಗೆ ಸರ್ಕಾರದ ಪದ್ಧತಿ ಗಟ್ಟಿಯಾಗಿದೆ. ಅದು ಎಡವುವುದು ತಲುಪಿಸುವಲ್ಲಿ. ಕ್ವಿಟ್‌ಲೈನ್ ಸಂಖ್ಯೆ 2018ರ ಸೆಪ್ಟೆಂಬರಿನಿಂದ ತಂಬಾಕಿನ ಪ್ಯಾಕಿನ ಮೇಲೆ ಅಚ್ಚಾಗುತ್ತಿದೆ. ಗೂಡಂಗಡಿಯಲ್ಲಿ ಬಿಡಿ ಸಿಗರೇಟು ಕೊಳ್ಳುವವನು ಪ್ಯಾಕನ್ನು ಕೈಯಲ್ಲಿ ಹಿಡಿಯುವುದೇ ಇಲ್ಲ. ಬಿಡಿಯಾಗಿ ಮಾರುವುದನ್ನು ರಾಜ್ಯ 2017ರಲ್ಲೇ ನಿಷೇಧಿಸಿದ್ದರೂ ಅಂಗಡಿಯ ರೂಢಿ ಬದಲಾಗಲಿಲ್ಲ. ಕರೆ ತೆಗೆದುಕೊಳ್ಳುವ ವೇಳೆ ಬೆಳಿಗ್ಗೆ 8ರಿಂದ ರಾತ್ರಿ 8. ಹನ್ನೊಂದು ಗಂಟೆಯ ಒಲೆ ಆ ಲೆಕ್ಕದಲ್ಲಿ ಸೇರಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಎರಡೂ ಪದ್ಧತಿಗಳು ಬಾಯಿಯನ್ನು, ಮಿದುಳನ್ನು ನೋಡಿದವು. ಕೆಲಸವನ್ನು ನೋಡಲಿಲ್ಲ. ಕೂಲಿಗೆ ಬಂದವನು ಸುಮ್ಮನೆ ಕೂತರೆ ಸೋಮಾರಿ, ಬೀಡಿ ಹಚ್ಚಿಕೊಂಡು ಕೂತರೆ ‘ಒಂದು ದಮ್ಮು ಎಳೀಲಿ ಬಿಡು’. ಅಂದರೆ ಬೀಡಿ ಅವನಿಗೆ ಐದು ನಿಮಿಷ ಬೆನ್ನು ನೆಟ್ಟಗೆ ಮಾಡಲು ಸಿಕ್ಕ ಪರವಾನಗಿ. ಬಿಟ್ಟ ದಿನದಿಂದ ಆ ಐದು ನಿಮಿಷವೂ ಹೋಯಿತು. ಅವನ ಸಿಡುಕಿನಲ್ಲಿ ನಿಕೋಟಿನ್ನಿನ ಪಾಲೆಷ್ಟೋ ದಣಿವಿನ ಪಾಲೂ ಅಷ್ಟಿರಬಹುದು. ದಾವಣಗೆರೆಯ ಅಂಗಡಿಯಲ್ಲಾಗಲಿ ಬೆಂಗಳೂರಿನ ಕಚೇರಿಯಲ್ಲಾಗಲಿ ಕತೆ ಬೇರೆಯಲ್ಲ. ಸೇದುವವರು ಗುಂಪಾಗಿ ಕೆಳಗಿಳಿದು ಹೋಗುತ್ತಾರೆ, ಬಿಟ್ಟವನು ಒಬ್ಬನೇ ಕುರ್ಚಿಯಲ್ಲಿ ಉಳಿಯುತ್ತಾನೆ.

ಈ ವಿರಾಮವನ್ನು ಬೀಡಿಯಿಂದ ಬಿಡಿಸಿ ಕೊಡುವುದು ಸರ್ಕಾರದ ಕೈಯಲ್ಲಿಲ್ಲ, ಖೇಣಿದಾರನ ಕೈಯಲ್ಲಿದೆ. ಎರಡು ಗಂಟೆಗೊಮ್ಮೆ ಹತ್ತು ನಿಮಿಷ, ಸೇದುವವನಿಗೂ ಸೇದದವನಿಗೂ ಸಮನಾಗಿ, ಒಲೆಯಿಂದ ದೂರ. ಸುಲಿಯುವ ಹೆಂಗಸರಿಗೂ ಅದು ಸಲ್ಲಬೇಕು, ಅವರಿಗೆ ದಮ್ಮಿನ ನೆಪವೂ ಇರಲಿಲ್ಲ. ಬರುವ ಕೊಯ್ಲಿಗೆ ಒಂದು ಮನೆಯವರಾದರೂ ಇದನ್ನು ಮಾಡಿ ನೋಡಲಿ, ಹಂಡೆ ಇಟ್ಟ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಸಂಖ್ಯೆಯನ್ನೂ ಬರೆದಿಡಲಿ: 1800-112-356. ಕರೆಗೆ ದುಡ್ಡಿಲ್ಲ, ಸೋಮವಾರ ರಜೆ.