ತಲೆ ಎತ್ತದ ಕಟ್ಟಡ

ಭೋಪಾಲದ ಭಾರತ ಭವನವನ್ನು ರಸ್ತೆಯಲ್ಲಿ ನಿಂತು ಹುಡುಕಿದರೆ ಕಟ್ಟಡವೇ ಕಾಣುವುದಿಲ್ಲ. ಗೇಟು ದಾಟಿ ಒಳಗೆ ಬಂದರೆ ಕಾಲಡಿ ಇರುವುದೇ ಅದರ ತಾರಸಿ. ಅಲ್ಲಲ್ಲಿ ಹುಲ್ಲು, ಕಾಂಕ್ರೀಟಿನ ಬೆಳಕಿಂಡಿಗಳು, ಎದುರಿಗೆ ದೊಡ್ಡ ಕೆರೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಗ್ಯಾಲರಿ, ರಂಗಮಂದಿರ, ಗ್ರಂಥಾಲಯಗಳನ್ನೆಲ್ಲ ಕೆರೆದಂಡೆಯ ಇಳಿಜಾರಿನಲ್ಲಿ ಹುದುಗಿಸಿ, ನಡುನಡುವೆ ಅಂಗಳಗಳನ್ನು ಬಿಟ್ಟರು. 1982ರ ಫೆಬ್ರುವರಿಯಲ್ಲಿ ಬಾಗಿಲು ತೆರೆದ ಈ ಕಲಾಕೇಂದ್ರಕ್ಕೆ ಸಾಟಿಯಾಗುವಂಥದ್ದು, ಸರ್ಕಾರ ಕಟ್ಟಿಸಿದವುಗಳಲ್ಲಿ, ನನಗೆ ಇನ್ನೊಂದು ಕಂಡಿಲ್ಲ. ಅದಕ್ಕೆ ಕಾರಣ ಆ ಅಂಗಳಗಳು.

ತೊಟ್ಟಿಮನೆ ಬಲ್ಲವರಿಗೆ ಇದು ಹೊಸದಲ್ಲ. ನಡುವೆ ಆಕಾಶ, ಸುತ್ತ ಜಗಲಿ. ಅಲ್ಲಿ ಕೂರುವುದಕ್ಕೆ ಕೆಲಸ ಇರಲೇಬೇಕೆಂದಿಲ್ಲ. ಇಲ್ಲಿಯೂ ಅಗಲವಾದ ಮೆಟ್ಟಿಲಿಳಿದು ಬಂದವರು ನಾಟಕಕ್ಕೆ ಹೋಗಬಹುದು, ಚಿತ್ರ ನೋಡಬಹುದು, ಎರಡೂ ಬೇಡವೆಂದರೆ ಕೆರೆಯ ಮೇಲೆ ಸೂರ್ಯ ಇಳಿಯುವವರೆಗೆ ಸುಮ್ಮನೆ ಕೂರಬಹುದು. ಗ್ಯಾಲರಿಯ ಬಾಗಿಲಲ್ಲಿ ಹಿಂಜರಿಯುವವರೂ ಮೆಟ್ಟಿಲ ಮೇಲೆ ಕೂರಲು ಹಿಂಜರಿಯುವುದಿಲ್ಲ.

ಕಟ್ಟಡಕ್ಕೆ ತಕ್ಕ ಜನವೂ ಸಿಕ್ಕರು. ಇಲ್ಲಿನ ರೂಪಂಕರ್ ಕಲಾಸಂಗ್ರಹಾಲಯವನ್ನು ಕಟ್ಟಿದ ಚಿತ್ರಕಾರ ಜೆ. ಸ್ವಾಮಿನಾಥನ್ ಆದಿವಾಸಿ ಕಲೆಯನ್ನು ಆಧುನಿಕ ಕಲೆಯ ಪಕ್ಕದಲ್ಲಿ, ಸರಿಸಮವಾಗಿ ಇಟ್ಟರು. ಝಾಬುವಾ ಸೀಮೆಯ ಭೀಲ್ ಹೆಣ್ಣುಮಗಳು ಭೂರಿಬಾಯಿ ಇದೇ ಭವನದ ಕಾಮಗಾರಿಗೆ ಕೂಲಿಗೆ ಬಂದವರು. ಅವರ ಕೈಗೆ ಸ್ವಾಮಿನಾಥನ್ ಕಾಗದ, ಬಣ್ಣ ಕೊಟ್ಟರು. ಊರಲ್ಲಿ ಮನೆಗೋಡೆಗೆ ಬರೆಯುತ್ತಿದ್ದ ಚಿತ್ರಗಳು ಕಾಗದಕ್ಕೆ ಬಂದವು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸಾಂಸ್ಕೃತಿಕ ಕೇಂದ್ರ ಯಾತಕ್ಕೆ ಎಂದು ಯಾರಾದರೂ ಕೇಳಿದರೆ ನಾನು ಕೊಡುವ ಉತ್ತರ ಭೂರಿಬಾಯಿ.

ಇಲ್ಲಿನ ರಂಗಮಂಡಲವನ್ನು ಮೊದಲು ನಡೆಸಿದವರು ನಮ್ಮ ಬಿ.ವಿ. ಕಾರಂತರು. ಹಿಂದಿಯ ಜೊತೆಗೆ ಬುಂದೇಲಿ, ಮಾಳವಿಯಂಥ ಆಡುನುಡಿಗಳನ್ನೂ ಅವರು ರಂಗಕ್ಕೆ ತಂದರು. ಸಂಬಳ ಪಡೆವ ಕಾಯಂ ನಟರ ತಂಡವನ್ನು ನಡೆಸಿದ ಆ ಅನುಭವದೊಂದಿಗೇ ಅವರು 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದ್ದು.

ಕೊರತೆ ಇಲ್ಲವೆಂದಲ್ಲ. ಮೆಟ್ಟಿಲೇ ಈ ವಿನ್ಯಾಸದ ಜೀವ. ಮಂಡಿನೋವಿನ ಹಿರಿಯರಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಅದೇ ಅಡ್ಡಿ. ಎಲ್ಲರಿಗಾಗಿ ಕಟ್ಟಿದ ಜಾಗದಲ್ಲಿ ಇದು ಸಣ್ಣ ತಪ್ಪಲ್ಲ. ಮೇ ತಿಂಗಳ ಮಧ್ಯಾಹ್ನ ತಾರಸಿಯ ಮೇಲೆ ನಿಲ್ಲುವುದೂ ಕಷ್ಟ.

ನಮ್ಮಲ್ಲಿ ರಂಗಮಂದಿರವೆಂದರೆ ಮೊದಲು ಬರುವ ಮಾತು ಎಷ್ಟು ಆಸನ, ಎಸಿ ಉಂಟೋ ಇಲ್ಲವೋ ಎಂಬುದು. ಕಾರ್ಯಕ್ರಮ ಮುಗಿದರೆ ಬೀಗ. ಜಿಲ್ಲೆಗೊಂದು ರಂಗಮಂದಿರ ಕಟ್ಟಿಸಲು ಹೊರಟವರು, ನಕ್ಷೆಗೆ ಸಹಿ ಹಾಕುವ ಮುನ್ನ, ದಯವಿಟ್ಟು ಭೋಪಾಲಕ್ಕೆ ಹೋಗಿ ಆ ಮೆಟ್ಟಿಲ ಮೇಲೆ ಒಂದು ಸಂಜೆ ಕೂತು ಬನ್ನಿ.