ನಂಬಿಕೆ, ಕ್ರಿಯೆ ಮತ್ತು ಪಂಕ್ತಿ: ಪೌಲ–ಯಾಕೋಬರ ಪತ್ರಿಕೆಗಳ ಒಂದು ವಿವೇಚನೆ

ಮನುಷ್ಯನಿಗೆ ರಕ್ಷಣೆ ದೊರೆಯುವುದು ನಂಬಿಕೆಯಿಂದಲೋ ಸತ್ಕ್ರಿಯೆಯಿಂದಲೋ ಎಂಬ ಪ್ರಶ್ನೆಯನ್ನು ಕ್ರೈಸ್ತ ಧರ್ಮದ ಎರಡು ಪಂಥಗಳ ನಡುವಣ ಆಯ್ಕೆಯೆಂಬಂತೆ ಮಂಡಿಸುವುದು ರೂಢಿ. ಪ್ರೊಟೆಸ್ಟೆಂಟರದು ನಂಬಿಕೆ, ಕಥೋಲಿಕರದು ಕ್ರಿಯೆ ಎಂಬ ಈ ಸುಲಭ ವಿಭಜನೆ ಎರಡೂ ಪಂಥಗಳ ಮೂಲ ದಾಖಲೆಗಳಿಗೆ ನ್ಯಾಯ ಸಲ್ಲಿಸುವಂಥದಲ್ಲ. ಅದಕ್ಕಿಂತ ಮುಖ್ಯವಾಗಿ, ವಾಗ್ವಾದ ಮೊದಲು ಹುಟ್ಟಿದ ಸಂದರ್ಭವನ್ನೇ ಅದು ಮರೆಮಾಡುತ್ತದೆ. ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನೂ ಯಾಕೋಬನ ಹೆಸರಿನ ಪತ್ರಿಕೆಯನ್ನೂ ಅಕ್ಕಪಕ್ಕದಲ್ಲಿರಿಸಿ ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಎರಡರಲ್ಲಿಯೂ ಚರ್ಚೆ ಆರಂಭವಾಗುವುದು ಆತ್ಮದ ಗತಿಯಿಂದಲ್ಲ. ಯಾರು ಯಾರೊಡನೆ ಉಣ್ಣಬೇಕು, ಸಭೆಯಲ್ಲಿ ಯಾರು ಎಲ್ಲಿ ಕುಳಿತುಕೊಳ್ಳಬೇಕು ಎಂಬ ತೀರ ಲೌಕಿಕವಾದ ಪ್ರಶ್ನೆಗಳಿಂದ.

ಮೊದಲು ಪದಗಳ ವಿಚಾರ. ಕನ್ನಡದ ಕ್ರೈಸ್ತ ಪರಿಭಾಷೆಯಲ್ಲಿ ಎರಡು ವಾಡಿಕೆಗಳಿವೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ‘ನಂಬಿಕೆ’, ‘ಕೃಪೆ’ ಎಂಬ ಮಾತುಗಳು ನೆಲೆನಿಂತಿದ್ದರೆ ಕಥೋಲಿಕರಲ್ಲಿ ‘ವಿಶ್ವಾಸ’, ‘ವರಪ್ರಸಾದ’ ಎಂಬವು ಬಳಕೆಯಲ್ಲಿವೆ. ಇದನ್ನು ಕೇವಲ ಪದವ್ಯತ್ಯಾಸವೆಂದು ಬಿಡಲಾಗದು. ಕೃಪೆ ಎಂಬುದು ಕೊಡುವವನ ಮನೋಭಾವ. ಅದು ಆತನಲ್ಲಿಯೇ ಉಳಿದು ಪಡೆಯುವವನ ಕಡೆಗೆ ತಿರುಗಿರುತ್ತದೆ. ಪ್ರಸಾದವಾದರೋ ಕೈಗೆ ಬರುವ ವಸ್ತು. ಅದು ಪಡೆದವನೊಳಗೆ ಸೇರಿ ಆತನನ್ನು ಮಾರ್ಪಡಿಸುತ್ತದೆ. ಹದಿನಾರನೆಯ ಶತಮಾನದ ಯುರೋಪಿನಲ್ಲಿ ನಡೆದ ವಿವಾದದ ಒಂದು ಮುಖ್ಯ ಎಳೆಯೂ ಇದೇ ಆಗಿತ್ತು. ಅನುಗ್ರಹವೆಂದರೆ ಪಾಪಿಯ ಬಗೆಗೆ ದೇವರು ತಳೆಯುವ ಪ್ರಸನ್ನ ನಿಲುವೇ, ಅಥವಾ ಪಾಪಿಯ ಆತ್ಮದೊಳಕ್ಕೆ ಎರೆಯಲ್ಪಡುವ ಗುಣವೇ ಎಂಬುದು ಅಲ್ಲಿಯ ಪ್ರಶ್ನೆ. ಕನ್ನಡದ ಅನುವಾದಕರು ಈ ಸೂಕ್ಷ್ಮವನ್ನು ಉದ್ದೇಶಪೂರ್ವಕವಾಗಿಯೇ ಸಾಧಿಸಿದರೆಂದು ಹೇಳಬೇಕಿಲ್ಲ. ಭಾಷೆಯಲ್ಲಿ ಮೊದಲೇ ಸಿದ್ಧವಾಗಿದ್ದ ಅರ್ಥಗಳು ಅವರ ಕೆಲಸವನ್ನು ಮಾಡಿಕೊಟ್ಟಿವೆ.

‘ನಂಬಿಕೆ’ಯ ವಿಷಯದಲ್ಲಿಯೂ ಹೀಗೆಯೇ. ಗ್ರೀಕಿನ ‘ಪಿಸ್ತಿಸ್’ ಎಂಬ ಮಾತಿಗೆ ಒಪ್ಪಿಗೆ, ಭರವಸೆ, ನಿಷ್ಠೆ ಎಂಬ ಮೂರೂ ಛಾಯೆಗಳುಂಟು. ಕನ್ನಡದ ‘ನಂಬು’ ಧಾತುವಿನಿಂದ ‘ನಂಬಿಕೆ’ಯೂ ‘ನಂಬಿಗಸ್ತ’ನೂ ಹುಟ್ಟುವುದರಿಂದ ಈ ಛಾಯೆಗಳು ಇಲ್ಲಿ ಬಹುಮಟ್ಟಿಗೆ ಉಳಿದುಬಂದಿವೆ. ಒಂದು ಸಂಗತಿ ನಿಜವೆಂದು ಒಪ್ಪುವುದು ಬೇರೆ, ಒಬ್ಬನನ್ನು ನಂಬಿ ನಡೆಯುವುದು ಬೇರೆ. ಪೌಲ, ಯಾಕೋಬರ ನಡುವಣ ವೈರುಧ್ಯದ ಅರ್ಧ ಭಾಗ ಈ ಅಂತರದಲ್ಲಿಯೇ ಅಡಗಿದೆ. ದೆವ್ವಗಳು ಸಹ ದೇವರೊಬ್ಬನೇ ಎಂದು ನಂಬಿ ನಡುಗುತ್ತವೆ ಎಂದು ಯಾಕೋಬನು ಬರೆಯುವಾಗ ಆತನ ಲಕ್ಷ್ಯದಲ್ಲಿರುವುದು ಬರಿಯ ಒಪ್ಪಿಗೆ. ಅಂಥ ನಂಬಿಕೆಯನ್ನು ಪೌಲನು ನಂಬಿಕೆಯೆಂದು ಕರೆದಿರಲಾರನು.

ಎರಡು ಪತ್ರಿಕೆಗಳನ್ನು ಎದುರುಬದುರಾಗಿ ನಿಲ್ಲಿಸಿದ ಖ್ಯಾತಿ ಮುಖ್ಯವಾಗಿ ಮಾರ್ಟಿನ್ ಲೂಥರನದು. 1522ರಲ್ಲಿ ಪ್ರಕಟವಾದ ಆತನ ಜರ್ಮನ್ ಹೊಸ ಒಡಂಬಡಿಕೆಯಲ್ಲಿ, ರೋಮಾಪುರದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದ ಇಪ್ಪತ್ತೆಂಟನೆಯ ವಚನಕ್ಕೆ, ಗ್ರೀಕ್ ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಅರ್ಥದ ಪದವೊಂದು ಸೇರ್ಪಡೆಯಾಯಿತು. ವಿರೋಧಿಗಳು ಇದನ್ನು ಹಿಡಿದು ಜರೆದಾಗ 1530ರಲ್ಲಿ ಅನುವಾದವನ್ನು ಕುರಿತ ಬಹಿರಂಗ ಪತ್ರವೊಂದನ್ನು ಬರೆದು ಉತ್ತರಿಸಿದನು. ಒಂದನ್ನು ಒಪ್ಪಿ ಇನ್ನೊಂದನ್ನು ನಿರಾಕರಿಸುವಾಗ ಜರ್ಮನ್ ನುಡಿಯ ಜಾಯಮಾನವೇ ಈ ಪದವನ್ನು ಬೇಡುತ್ತದೆಂದೂ, ಮನೆಯ ತಾಯಿ, ಬೀದಿಯ ಮಕ್ಕಳು, ಪೇಟೆಯ ಸಾಮಾನ್ಯ ಮನುಷ್ಯ ಇವರ ಬಾಯನ್ನು ನೋಡಿ ಅನುವಾದ ಮಾಡಬೇಕೆಂದೂ ಆತನ ವಾದ. ಅನುವಾದ ಮೀಮಾಂಸೆಯ ದೃಷ್ಟಿಯಿಂದ ಈ ವಾದ ತೂಕವುಳ್ಳದ್ದೇ. ಕನ್ನಡದಲ್ಲಾದರೆ ಪ್ರತ್ಯೇಕ ಪದದ ಹಂಗೇ ಬೇಕಿಲ್ಲ. ‘ನಂಬಿಕೆಯಿಂದ’ ಎಂಬುದಕ್ಕೆ ಒಂದು ಅವಧಾರಣೆಯ ಏಕಾರ ಸೇರಿದರೆ ಲೂಥರನು ಪಟ್ಟ ಪಾಡೆಲ್ಲ ತಪ್ಪುತ್ತದೆ. ಆದರೆ ಹೊಸ ಒಡಂಬಡಿಕೆಯಲ್ಲಿ ‘ನಂಬಿಕೆಯಿಂದ ಮಾತ್ರ’ ಎಂಬ ಪದಪುಂಜ ನಿಜಕ್ಕೂ ಬರುವುದು ಒಂದೇ ಕಡೆ. ಅದು ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ, ನಿಷೇಧದ ರೂಪದಲ್ಲಿ. ಲೂಥರನು 1522ರ ಮುನ್ನುಡಿಯಲ್ಲಿ ಆ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿದುದು ಪ್ರಸಿದ್ಧ. ಮುಂದಿನ ಆವೃತ್ತಿಗಳಲ್ಲಿ ಆ ಮಾತನ್ನು ಕೈಬಿಟ್ಟದ್ದು ಅಷ್ಟು ಪ್ರಸಿದ್ಧವಲ್ಲ.

ಇಬ್ಬರೂ ಪತ್ರಕಾರರು ಆಧಾರವಾಗಿ ಹಿಡಿಯುವುದು ಒಂದೇ ವಚನವನ್ನು. ಅಬ್ರಹಾಮನು ದೇವರನ್ನು ನಂಬಿದನು, ಆ ನಂಬಿಕೆ ಆತನ ಲೆಕ್ಕಕ್ಕೆ ನೀತಿಯೆಂದು ಬರೆಯಲ್ಪಟ್ಟಿತು ಎಂಬ ಆದಿಕಾಂಡದ ಹದಿನೈದನೆಯ ಅಧ್ಯಾಯದ ಪ್ರಸಂಗವದು. ಪೌಲನು ಅದನ್ನು ಹದಿನೇಳನೆಯ ಅಧ್ಯಾಯದ ಸುನ್ನತಿಗೆ ಹಿಂದಿನದೆಂದು ಓದುತ್ತಾನೆ. ಸುನ್ನತಿಯಿಲ್ಲದಾಗಲೇ ಅಬ್ರಹಾಮನು ನೀತಿವಂತನಾದುದರಿಂದ ಸುನ್ನತಿಯಿಲ್ಲದವರಿಗೂ ಆತನು ಮೂಲಪುರುಷನು. ಯಾಕೋಬನು ಅದೇ ವಚನವನ್ನು ಇಪ್ಪತ್ತೆರಡನೆಯ ಅಧ್ಯಾಯದ ಇಸಾಕನ ಬಲಿಯ ಪ್ರಸಂಗದ ಬೆಳಕಿನಲ್ಲಿ ಓದಿ, ಅಲ್ಲಿ ಆ ನಂಬಿಕೆ ಪೂರ್ಣವಾಯಿತೆನ್ನುತ್ತಾನೆ. ಒಬ್ಬನು ಹಿಂದಕ್ಕೆ ನೋಡುತ್ತಾನೆ, ಇನ್ನೊಬ್ಬನು ಮುಂದಕ್ಕೆ. ಇಲ್ಲಿರುವುದು ನೇರವಾದ ವಿರೋಧವೆನ್ನುವುದಕ್ಕಿಂತ ಒಂದೇ ಜೀವನಚರಿತ್ರೆಯ ಎರಡು ಘಟ್ಟಗಳ ಆಯ್ಕೆ ಎನ್ನುವುದು ಹೆಚ್ಚು ಸಮಂಜಸ.

ಪೌಲನಿಗೆ ಈ ಆಯ್ಕೆ ಏಕೆ ಅನಿವಾರ್ಯವಾಯಿತು? ಇದಕ್ಕೆ ಉತ್ತರ ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿದೆ. ಅಂತಿಯೋಕ್ಯದ ಸಭೆಯಲ್ಲಿ ಯೆಹೂದ್ಯರೂ ಅನ್ಯಜನರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದರು. ಪೇತ್ರನೂ ಅವರೊಡನೆ ಉಣ್ಣುತ್ತಿದ್ದನು. ಯಾಕೋಬನ ಕಡೆಯಿಂದ ಕೆಲವರು ಬಂದೊಡನೆ ಆತನು ಹಿಂಜರಿದು ಬೇರೆಯಾದನು. ಉಳಿದ ಯೆಹೂದ್ಯರೂ, ಕೊನೆಗೆ ಪೌಲನ ಸಹಚರನಾದ ಬಾರ್ನಬನೂ ಅದೇ ದಾರಿ ಹಿಡಿದರು. ಕನ್ನಡದ ಓದುಗನಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ. ಅದಕ್ಕೆ ‘ಪಂಕ್ತಿಭೇದ’ ಎಂಬ ಸಿದ್ಧ ಹೆಸರೇ ನಮ್ಮಲ್ಲಿದೆ. ಪೌಲನು ಎಲ್ಲರೆದುರಿಗೆ ಪೇತ್ರನನ್ನು ಖಂಡಿಸುತ್ತಾನೆ. ಮನುಷ್ಯನು ನೀತಿವಂತನೆನಿಸುವುದು ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ, ಕ್ರಿಸ್ತನ ಮೇಲಣ ನಂಬಿಕೆಯಿಂದ ಎಂಬ ಸೂತ್ರ ಆ ಪತ್ರಿಕೆಯಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುವುದು ಈ ಖಂಡನೆಯ ಬೆನ್ನಲ್ಲಿಯೇ. ಹಾಗಾಗಿ ಅಲ್ಲಿ ನಿರಾಕೃತವಾದ ‘ಕ್ರಿಯೆ’ ದಾನವೂ ಅಲ್ಲ, ದಯೆಯೂ ಅಲ್ಲ. ಸುನ್ನತಿ, ಆಹಾರದ ಕಟ್ಟಳೆ, ದಿನಗಳ ಆಚರಣೆ ಮೊದಲಾಗಿ ಒಂದು ಜನಾಂಗವನ್ನು ಇನ್ನೊಂದರಿಂದ ಬೇರ್ಪಡಿಸುವ ಕ್ರಿಯೆಗಳವು. ಅದೇ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆಯೇ ಮುಖ್ಯವೆಂದು ಪೌಲನು ಹೇಳುವುದನ್ನು ಮರೆಯಲಾಗದು.

ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯವೂ ತೆರೆಯುವುದು ಇಂಥದೇ ದೃಶ್ಯದೊಂದಿಗೆ. ಸಭೆಗೆ ಚಿನ್ನದ ಉಂಗುರ ತೊಟ್ಟವನೊಬ್ಬ ಬರುತ್ತಾನೆ. ಕೊಳಕು ಬಟ್ಟೆಯ ಬಡವನೊಬ್ಬನೂ ಬರುತ್ತಾನೆ. ಮೊದಲನೆಯವನಿಗೆ ಒಳ್ಳೆಯ ಆಸನ. ಎರಡನೆಯವನಿಗೆ ನಿಂತಿರು, ಇಲ್ಲವೇ ಕಾಲ್ಮಣೆಯ ಬಳಿ ಕುಳಿತಿರು ಎಂಬ ಅಪ್ಪಣೆ. ಮುಂದೆ ಬಟ್ಟೆಯಿಲ್ಲದ, ಅಂದಿನ ಊಟಕ್ಕಿಲ್ಲದ ಸಹೋದರನನ್ನು ಬರಿಯ ಹಾರೈಕೆಯಿಂದ ಸಾಗಹಾಕುವವರ ಚಿತ್ರ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂಬ ತೀರ್ಪು ಬರುವುದು ಇದಾದ ಮೇಲೆ. ಪತ್ರಿಕೆಯ ಕರ್ತೃತ್ವದ ಬಗೆಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಅಂತಿಯೋಕ್ಯಕ್ಕೆ ಜನರನ್ನು ಕಳುಹಿಸಿದ ಯಾಕೋಬನೇ ಇದರ ಕರ್ತೃವಾಗಿದ್ದರೆ ಸಂದರ್ಭದ ವ್ಯಂಗ್ಯ ಮತ್ತಷ್ಟು ತೀಕ್ಷ್ಣವಾಗುತ್ತದೆ. ಅದೇನೇ ಇರಲಿ, ಪಂಕ್ತಿಯನ್ನು ಮುರಿಯುವ ಕ್ರಿಯೆಯನ್ನು ಪೌಲನು ತಳ್ಳಿದನು, ಪಂಕ್ತಿಯಲ್ಲಿ ಸ್ಥಳ ಕೊಡುವ ಕ್ರಿಯೆಯನ್ನು ಯಾಕೋಬನು ಬೇಡಿದನು. ‘ಕ್ರಿಯೆ’ ಎಂಬ ಒಂದೇ ಮಾತು ಇಬ್ಬರನ್ನೂ ವಿರೋಧಿಗಳನ್ನಾಗಿ ತೋರಿಸಿದೆ.

ಈ ಸಾಮಾಜಿಕ ಪ್ರಶ್ನೆ ಅಂತರಂಗದ ಪ್ರಶ್ನೆಯಾಗಿ ಮಾರ್ಪಟ್ಟುದರಲ್ಲಿ ಅಗಸ್ಟೀನನ ಪಾತ್ರ ದೊಡ್ಡದು. ದೇವರು ಆಜ್ಞಾಪಿಸುವುದನ್ನು ನಡೆಸುವ ಶಕ್ತಿಯನ್ನೂ ಆತನೇ ಕೊಡಬೇಕೆಂಬ ಅಗಸ್ಟೀನನ ಪ್ರಾರ್ಥನೆ ಪೆಲಾಜಿಯಸನನ್ನು ಕೆರಳಿಸಿತು. ಆಜ್ಞೆಯನ್ನು ಪಾಲಿಸಲಾಗದವನಿಗೆ ಆಜ್ಞೆಯೇಕೆ ಎಂಬ ಪೆಲಾಜಿಯಸನ ಕಡೆಯ ಆಕ್ಷೇಪ ನೈತಿಕವಾಗಿ ಹಗುರವಾದುದಲ್ಲ. 418ರ ಕಾರ್ಥೇಜ್ ಸಭೆ ಪೆಲಾಜಿಯಸನ ಬೋಧನೆಯನ್ನು ಖಂಡಿಸಿತು. ಅನುಗ್ರಹವೇ ಮೊದಲು, ಮನುಷ್ಯನ ಸಂಕಲ್ಪ ಅದರ ಹಿಂದೆ ಎಂಬುದು ಪಾಶ್ಚಾತ್ಯ ಸಭೆಯ ಸಾಮಾನ್ಯ ನೆಲೆಯಾಯಿತು. ಲೂಥರನೂ ಆತನ ವಿರೋಧಿಗಳೂ ಈ ನೆಲೆಯ ಮೇಲೆಯೇ ನಿಂತು ಹೋರಾಡಿದರೆಂಬುದನ್ನು ಕೈಪಿಡಿಗಳು ಹೇಳುವುದು ಅಪರೂಪ. 1547ರ ಜನವರಿ 13ರಂದು ಟ್ರೆಂಟ್ ಮಹಾಸಭೆ ಅಂಗೀಕರಿಸಿದ ನಿರ್ಣಯದ ಮೂವತ್ತಮೂರು ವಿಧಿಗಳಲ್ಲಿ ಮೊದಲನೆಯದೇ, ಅನುಗ್ರಹವಿಲ್ಲದೆ ಸ್ವಂತ ಕ್ರಿಯೆಗಳಿಂದ ಮನುಷ್ಯನು ನೀತಿವಂತನಾಗಬಲ್ಲನೆನ್ನುವವರನ್ನು ಬಹಿಷ್ಕರಿಸುತ್ತದೆ. ಇತ್ತ 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತು ಬರೆದ ಲೂಥರನು ಸತ್ಕ್ರಿಯೆಗಳನ್ನು ನಿಲ್ಲಿಸಲಿಲ್ಲ. ಅವುಗಳ ದಿಕ್ಕನ್ನು ಬದಲಿಸಿದನು. ಅವು ದೇವರಿಗೆ ಸಲ್ಲಬೇಕಾದ ಕಪ್ಪವಲ್ಲ, ನೆರೆಯವನಿಗೆ ಸಲ್ಲಬೇಕಾದುವು ಎಂಬುದು ಆತನ ನಿಲುವು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪೌಲನನ್ನು ಮತ್ತೆ ಅಂತಿಯೋಕ್ಯದ ಊಟದ ಮನೆಗೆ ಕರೆತರುವ ಪ್ರಯತ್ನಗಳು ನಡೆದವು. ತನ್ನ ಪಾಪವನ್ನು ತಾನೇ ಅಗೆದು ನೋಡಿಕೊಳ್ಳುವ ಮನಸ್ಸಾಕ್ಷಿ ಪೌಲನದಲ್ಲ, ಅಗಸ್ಟೀನ್ ಮತ್ತು ಲೂಥರರದು ಎಂದು ಕ್ರಿಸ್ಟರ್ ಸ್ಟೆಂಡಾಲ್ 1963ರ ಪ್ರಬಂಧದಲ್ಲಿ ವಾದಿಸಿದರು. ಪೌಲನ ಕಾಲದ ಯೆಹೂದ್ಯ ಧರ್ಮ ಪುಣ್ಯದ ಲೆಕ್ಕದ ಧರ್ಮವಾಗಿರಲಿಲ್ಲ, ದೇವರ ಒಡಂಬಡಿಕೆಯ ಕೃಪೆಯೇ ಅದರ ಬುನಾದಿಯಾಗಿತ್ತು ಎಂಬುದನ್ನು ಇ. ಪಿ. ಸ್ಯಾಂಡರ್ಸ್ 1977ರ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದರು. ಜೇಮ್ಸ್ ಡನ್ ಇದನ್ನು ಮುಂದುವರಿಸಿದರು. ಯೆಹೂದ್ಯರ ಬಗೆಗೆ ಕ್ರೈಸ್ತ ಪಾಂಡಿತ್ಯ ಶತಮಾನಗಳಿಂದ ಹೊತ್ತುತಂದಿದ್ದ ಅನ್ಯಾಯದ ಚಿತ್ರವನ್ನು ಅಳಿಸಿದ್ದು ಈ ಸಂಶೋಧನೆಯ ದೊಡ್ಡ ಲಾಭ. ಆದರೆ ಲೂಥರನ ಓದನ್ನು ಸಂಪೂರ್ಣವಾಗಿ ಕಳಚಿಹಾಕಲು ಅದರಿಂದಾಗದು. ರೋಮಾಪುರದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಪೌಲನು ಕೂಲಿಯನ್ನೂ ದಾನವನ್ನೂ ಎದುರಾಗಿರಿಸುತ್ತಾನೆ: ದುಡಿದವನಿಗೆ ಸಿಗುವುದು ಋಣ, ಕೃಪೆಯಲ್ಲ. ಸುನ್ನತಿ, ಆಹಾರಗಳ ಗಡಿಯನ್ನು ದಾಟಿದ ಮಾತಿದು. ಸೋತು ಕುಸಿದವನಿಗೆ, ತನ್ನ ಲೆಕ್ಕದಲ್ಲಿ ಏನೂ ಇಲ್ಲದವನಿಗೆ ಹೇಳಿದ ಮಾತು. ಸಾಮಾಜಿಕ ಓದು ಇದನ್ನು ಹಗುರಗೊಳಿಸುವಲ್ಲೆಲ್ಲ ಮೂಲ ಪಠ್ಯ ಪ್ರತಿಭಟಿಸುತ್ತದೆ.

ಪಂಕ್ತಿಯ ಪ್ರಶ್ನೆ ಭಾರತದಲ್ಲಿ ಮರಳಿ ಎದ್ದಿತು. ನಂಬಿಕೆಯಿಂದ ಮಾತ್ರ ಎಂದು ಬೋಧಿಸಿದ ಲೂಥರನ್ ಮಿಷನ್ 1706ರಲ್ಲಿ ತರಂಗಂಬಾಡಿಗೆ ಬಂದಿತು. ಅಲ್ಲಿಂದ ಬೆಳೆದ ತಮಿಳು ಸಭೆಗಳಲ್ಲಿ ಜಾತಿಗೆ ತಕ್ಕ ಪ್ರತ್ಯೇಕ ಆಸನಗಳು ಉಳಿದುಕೊಂಡವು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಜಾತಿಭೇದವನ್ನು ಕೂಡಲೇ ಬಿಡಬೇಕೆಂದು ಆದೇಶಿಸಿದಾಗ ತಂಜಾವೂರು ಮತ್ತು ವೇಪೇರಿಗಳಲ್ಲಿ ಅನೇಕರು ಸಭೆಯಿಂದಲೇ ದೂರವಾದರು. 1850ರಲ್ಲಿ ಮದರಾಸಿನ ಮಿಷನರಿ ಸಮ್ಮೇಳನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಹಭೋಜನಕ್ಕೆ ಒಪ್ಪುವುದನ್ನು ಜಾತಿತ್ಯಾಗದ ಪರೀಕ್ಷೆಯಾಗಿ ಮುಂದಿಟ್ಟಿತು. ಲೈಪ್‌ಜಿಗ್‌ನ ಲೂಥರನ್ ಮಿಷನ್ ಇದಕ್ಕೆ ಸಮ್ಮತಿಸಲಿಲ್ಲ. 1834ರಲ್ಲಿ ಮಂಗಳೂರಿನಲ್ಲಿ ಕೆಲಸ ಆರಂಭಿಸಿದ ಬಾಸೆಲ್ ಮಿಷನ್ ಜಾತಿಯನ್ನು ಸಭೆಯೊಳಗೆ ಒಪ್ಪದವರ ಕಡೆಗಿತ್ತು.

ಈ ಪ್ರಸಂಗ ಸಿದ್ಧಾಂತದ ಇತಿಹಾಸಕಾರರ ಗಮನಕ್ಕೆ ಸಾಕಷ್ಟು ಬಂದಂತಿಲ್ಲ. ಸಹಭೋಜನವನ್ನು ಕಡ್ಡಾಯ ಪರೀಕ್ಷೆಯಾಗಿಸಿದರೆ ಅದೇ ಒಂದು ಹೊಸ ‘ಧರ್ಮಶಾಸ್ತ್ರದ ಕ್ರಿಯೆ’ಯಾಗುವುದಿಲ್ಲವೇ? ಸೂತ್ರವನ್ನು ಅಕ್ಷರಶಃ ಹಿಡಿದವರು ಹೀಗೆ ಕೇಳಬಹುದು. ಕೇಳಿದರೆ ತರ್ಕದಲ್ಲಿ ತಪ್ಪಿಲ್ಲ. ಆದರೆ ಆ ಸೂತ್ರ ಹುಟ್ಟಿದ್ದೇ ಸಹಭೋಜನವನ್ನು ಉಳಿಸುವುದಕ್ಕಾಗಿ. ಅಂತಿಯೋಕ್ಯದಲ್ಲಿ ಎದ್ದುಹೋದವರನ್ನು ಖಂಡಿಸಿದ ಮಾತು ತಂಜಾವೂರಿನಲ್ಲಿ ಬೇರೆ ಕುಳಿತವರಿಗೆ ಆಶ್ರಯವಾಗುವುದಾದರೆ, ಅಲ್ಲಿ ಉಳಿದದ್ದು ಪೌಲನ ಪದಗಳೇ ಹೊರತು ಪೌಲನ ವಾದವಲ್ಲ. ಪ್ರತ್ಯೇಕ ಆಸನದ ಸಭೆಗೆ ಬೇಕಾಗಿದ್ದುದು ಲೂಥರನು ಹುಲ್ಲೆಂದು ಕರೆದ ಆ ಪತ್ರಿಕೆಯ ಎರಡನೆಯ ಅಧ್ಯಾಯ. ಬಿಷಪರ ಆದೇಶವನ್ನೂ ಸಮ್ಮೇಳನದ ಪರೀಕ್ಷೆಯನ್ನೂ ಬಲಾತ್ಕಾರವೆಂದು ಟೀಕಿಸಬಹುದು; ಕಾಲ್ಮಣೆಯ ಬಳಿ ಕುಳಿತವನ ಕಡೆಯಿಂದ ನೋಡಿದರೆ ಆ ಟೀಕೆಗೆ ಹೆಚ್ಚಿನ ಬಲವಿರುವುದಿಲ್ಲ.

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್ ನಗರದಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕಥೋಲಿಕ ಸಭೆಯೂ ಜಂಟಿ ಘೋಷಣೆಗೆ ಸಹಿ ಹಾಕಿದವು. ಕೃಪೆಯಿಂದಲೇ, ಕ್ರಿಸ್ತನಲ್ಲಿಡುವ ನಂಬಿಕೆಯಲ್ಲಿ, ಮನುಷ್ಯನ ಯಾವ ಅರ್ಹತೆಯೂ ಇಲ್ಲದೆ ದೇವರು ಆತನನ್ನು ಅಂಗೀಕರಿಸಿ ಸತ್ಕ್ರಿಯೆಗಳಿಗೆ ಸಜ್ಜುಗೊಳಿಸುತ್ತಾನೆಂಬ ಆಶಯ ಅದರ ತಿರುಳು. ಅದರಲ್ಲಿ ನಿರೂಪಿತವಾದ ಬೋಧನೆಗಳಿಗೆ ಹದಿನಾರನೆಯ ಶತಮಾನದ ಪರಸ್ಪರ ಖಂಡನೆಗಳು ಅನ್ವಯಿಸುವುದಿಲ್ಲವೆಂದೂ ಒಪ್ಪಲಾಯಿತು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ವಿಶ್ವ ಒಕ್ಕೂಟದವರು ಈ ಒಪ್ಪಂದದ ಜೊತೆಗೂಡಿದರು. ವಿವಾದದ ಪದಗಳು ಹೀಗೆ ಬಹುಮಟ್ಟಿಗೆ ಇತ್ಯರ್ಥವಾಗಿವೆ. ಸಹಿ ಹಾಕಿದ ಕಥೋಲಿಕರೂ ಲೂಥರನರೂ ಪ್ರಭುಭೋಜನದ ಒಂದೇ ಮೇಜಿನ ಸುತ್ತ ವಿಧ್ಯುಕ್ತವಾಗಿ ಕೂಡಿ ಉಣ್ಣುವುದು ಮಾತ್ರ ಇನ್ನೂ ಸಾಧ್ಯವಾಗಿಲ್ಲ.